ಬಿದ್ದ ಮೇಲೆ ಜೆಟ್ ಸ್ಕೀ ಸುತ್ತಬೇಕೋ, ನಿಲ್ಲಬೇಕೋ?

ನಮ್ಮ ಗ್ಯಾರೇಜಿನಲ್ಲಿ ಒಂದು ಕಾರಿನ ಜಾಗ ನುಂಗಿ ಕೂತಿರುವುದು 1982ರ ಕವಾಸಾಕಿ ಜೆಎಸ್440. ನೀರಿನ ಮೇಲೆ ಬೈಕಿನಂತೆ, ನಿಂತುಕೊಂಡೇ ಓಡಿಸುವ, ಎರಡು ಸಿಲಿಂಡರಿನ ಟು-ಸ್ಟ್ರೋಕ್ ಜೆಟ್ ಸ್ಕೀ. ಬೇಸಿಗೆಯ ಶನಿವಾರಗಳಲ್ಲಿ ಅಟ್ಲಾಂಟಾದ ಉತ್ತರಕ್ಕಿರುವ ಲೇನಿಯರ್ ಸರೋವರಕ್ಕೆ ಎಳೆದುಕೊಂಡು ಹೋಗುತ್ತೇವೆ. ಹ್ಯಾಂಡಲಿನಲ್ಲಿ ಇದ್ದದ್ದು ಎರಡೇ ಗುಂಡಿ, ಸ್ಟಾರ್ಟ್ ಮತ್ತು ಸ್ಟಾಪ್. ಸವಾರ ಬಿದ್ದರೆ ಎಂಜಿನ್ ಆರಿಸುವ ಹಗ್ಗ ಇರಲಿಲ್ಲ.

ಅದು ಮರೆತು ಬಿಟ್ಟದ್ದಲ್ಲ. ನಿಂತು ಓಡಿಸುವ ಜೆಟ್ ಸ್ಕೀಯ ಕಲ್ಪನೆ ಕ್ಲೇಟನ್ ಜೇಕಬ್ಸನ್ ಎಂಬ ಮೋಟೊಕ್ರಾಸ್ ಸವಾರನದು. ಕವಾಸಾಕಿ ಅದನ್ನು ಮಾರಲು ಶುರುಮಾಡಿದ್ದು 1973ರಲ್ಲಿ. ಬೀಳುವುದು ಈ ಆಟದಲ್ಲಿ ಇದ್ದದ್ದೇ ಎಂದುಕೊಂಡು ಮಾಡಿದ ಯಂತ್ರ. ಕೈ ಬಿಟ್ಟರೆ ಥ್ರಾಟಲ್ (ಎಕ್ಸಲರೇಟರ್) ಇಳಿಯುತ್ತದೆ, ಗಾಡಿ ಐಡ್ಲಿಂಗಿನಲ್ಲಿ ನಿಧಾನಕ್ಕೆ ಸುತ್ತು ಹಾಕುತ್ತಾ ಬಿದ್ದವನ ಹತ್ತಿರ ಬರುತ್ತದೆ. ಸಾಕಿದ ನಾಯಿಯ ಹಾಗೆ.

ಎರಡು ವರ್ಷ ನಾನೂ ಅದನ್ನೇ ನಂಬಿದ್ದೆ. ಗಾಳಿಯಿಲ್ಲದ ಬೆಳಿಗ್ಗೆ ನಿಜಕ್ಕೂ ಚೆಂದ: ಈಜುವ ಶ್ರಮವಿಲ್ಲ, ಎಂಜಿನ್ ಬಿಸಿಯಾಗಿಯೇ ಇರುತ್ತದೆ, ಹಿಡಿದು ಹತ್ತಿದರಾಯಿತು. ಆದರೆ ಮಧ್ಯಾಹ್ನದ ಗಾಳಿಗೆ ಸುತ್ತು ಪೂರ್ತಿ ಪಕ್ಕಕ್ಕೆ ಸರಿಯುತ್ತದೆ. ದೊಡ್ಡ ದೋಣಿಯೊಂದು ಹಾದುಹೋದರೆ ಅದರ ಅಲೆ ಮೂತಿಯನ್ನು ಬೇರೆಲ್ಲಿಗೋ ತಿರುಗಿಸುತ್ತದೆ. ಇನ್ನು ಹತ್ತಿರ ಬಂದರೂ, ತಳದಲ್ಲಿ ನೀರೆಳೆಯುತ್ತಿರುವ ಪಂಪಿರುವ ಗಾಡಿಯೊಂದು ನಮ್ಮ ತಲೆಯ ಮಟ್ಟದಲ್ಲಿ ಬರುತ್ತಿದೆ ಎಂಬುದನ್ನು ಮರೆಯುವ ಹಾಗಿಲ್ಲ. ಸಡಿಲ ಪಟ್ಟಿ, ಉದ್ದ ಕೂದಲು ಎರಡೂ ಅದಕ್ಕೆ ಒಂದೇ.

ನನ್ನ ನಂಬಿಕೆ ಕಳಚಿದ್ದು ಥ್ರಾಟಲ್ ಕೇಬಲ್‌ನಿಂದ. ಒಳಗೆ ತುಕ್ಕು ಹಿಡಿದಿತ್ತು, ನಾನು ನೋಡಿರಲಿಲ್ಲ. ಅಳಿಯ ಬಿದ್ದ, ಕೈ ಬಿಟ್ಟ. ಥ್ರಾಟಲ್ ಮಾತ್ರ ಅರ್ಧದಲ್ಲೇ ಸಿಕ್ಕಿಕೊಂಡಿತು. ದಡದಲ್ಲಿದ್ದ ನಾನು "ಅಲ್ಲೇ ಇರೋ, ಸುತ್ತು ಹಾಕಿ ಬರುತ್ತೆ" ಎಂದು ಕೂಗಿದೆ. "ಬರ್ತಿಲ್ಲ ಮಾವ, ಹೋಗ್ತಿದೆ!" ಎಂದ. ಕೊಲ್ಲಿಯ ಆಚೆ ದಡದ ಕೆಮ್ಮಣ್ಣಿಗೆ ಹತ್ತಿ ನಿಂತಿತು. ಅಲ್ಲಿ ಈಜುವವರಿರಲಿಲ್ಲ, ನಮ್ಮ ಪುಣ್ಯ. ಸುತ್ತಿಬರುವ ಏರ್ಪಾಡೆಲ್ಲ ಒಂದು ಹಳೆಯ ಕೇಬಲ್ ಹಿಂದಕ್ಕೆ ಜಾರುವುದನ್ನು ನಂಬಿ ನಿಂತಿದೆ ಎಂದು ಅವತ್ತು ಗೊತ್ತಾಯಿತು.

ಕಾನೂನು ನಮ್ಮನ್ನೇನೂ ಒತ್ತಾಯಿಸುತ್ತಿರಲಿಲ್ಲ. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ಎಂಜಿನ್ ಆರಿಸುವ ಸ್ವಿಚ್ ಇದ್ದರೆ ಬಳಸಲೇಬೇಕೆಂಬ ನಿಯಮ ಬಂದದ್ದು 2021ರ ಏಪ್ರಿಲ್ 1ರಿಂದ. ಮೊದಲಿನಿಂದಲೇ ಸ್ವಿಚ್ ಇಲ್ಲದ ಹಳೆಯ ಗಾಡಿಗೆ ಹೊಸದಾಗಿ ಕೂಡಿಸಿ ಎಂದು ಅದು ಹೇಳುವುದಿಲ್ಲ.

ಮೊದಲು ಮನಸ್ಸು ಹೋದದ್ದು ವೈರ್‌ಲೆಸ್ ಕಡೆಗೆ. ಮಣಿಕಟ್ಟಿಗೆ ಗಡಿಯಾರದಂಥ ಒಂದು ಬಿಲ್ಲೆ. ಅದು ನೀರಲ್ಲಿ ಮುಳುಗಿದರೆ ಅಥವಾ ದೂರವಾದರೆ ಸಿಗ್ನಲ್ ತಪ್ಪಿ ಎಂಜಿನ್ ಆರುತ್ತದೆ. ಗೆಳೆಯನ ಮೀನು ಹಿಡಿಯುವ ದೋಣಿಯಲ್ಲಿ ಸೊಗಸಾಗಿ ಕೆಲಸ ಮಾಡುತ್ತದೆ, ಆತ ಅತ್ತಿತ್ತ ಓಡಾಡಬಹುದು, ಕಾಲಿಗೆ ಹಗ್ಗ ತೊಡರುವುದಿಲ್ಲ. ಅವನಿಂದಲೇ ಎರವಲು ತಂದು ಕೂಡಿಸಿದೆವು. ನಮ್ಮ ಗಾಡಿಯನ್ನು ಆಳದಲ್ಲಿ ಹತ್ತುವ ಬಗೆಯೇ ಬೇರೆ: ಅರ್ಧ ಮೈ ನೀರಿನಲ್ಲಿ, ಮೊಣಕೈ ಅಂಚಿನ ಮೇಲೆ, ಎಂಜಿನ್ ಎಳೆಯತೊಡಗಿದ ಮೇಲೆ ಮೊಣಕಾಲು, ಆಮೇಲೆ ಪಾದ. ಆ ಹೊತ್ತಿಗೆ ಕೈ ಎಷ್ಟು ಸಲ ಮುಳುಗುತ್ತದೋ ಅಷ್ಟು ಸಲ ಎಂಜಿನ್ ಆರಿತು. ಸ್ಟಾರ್ಟ್ ಒತ್ತಿ ಒತ್ತಿ ಬ್ಯಾಟರಿ ಸೋತಿತು. ಸಾಧನದ ತಪ್ಪಲ್ಲ, ಕೂತು ಓಡಿಸುವ ಗಾಡಿಯಾಗಿದ್ದರೆ ಅದನ್ನೇ ಇಟ್ಟುಕೊಳ್ಳುತ್ತಿದ್ದೆನೇನೋ.

ಕೊನೆಗೆ ಗೆದ್ದದ್ದು ಎಲ್ಲಕ್ಕಿಂತ ಅಗ್ಗದ್ದು, ಕ್ಲಿಪ್ ಇರುವ ಸುರುಳಿ ಹಗ್ಗ. ಒಂದು ತುದಿ ಸವಾರನ ಮೈಗೆ, ಇನ್ನೊಂದು ತುದಿಯ ಕ್ಲಿಪ್ ಗಾಡಿಯ ಸ್ವಿಚ್ಚಿಗೆ; ಬಿದ್ದರೆ ಕ್ಲಿಪ್ ಕಿತ್ತು ಎಂಜಿನ್ ಆರುತ್ತದೆ. ಊರಿನಲ್ಲಿ, ಮಲ್ಪೆ ಕಡೆಯ ನಾಡದೋಣಿಗಳ ಔಟ್‌ಬೋರ್ಡ್ ಎಂಜಿನ್ನಿನಲ್ಲಿ ಈ ಕೆಂಪು ಹಗ್ಗವನ್ನು ಬಹಳ ನೋಡಿದ್ದೇನೆ. ಅದು ಮನುಷ್ಯರ ಕೈಯಲ್ಲಿದ್ದದ್ದು ಕಡಿಮೆ, ಎಂಜಿನ್ನಿನ ಹಿಡಿಗೇ ಸುತ್ತಿರುತ್ತಿತ್ತು. ಹಾಗಾಗಿ ನನಗೂ ಅದರ ಮೇಲೆ ತಾತ್ಸಾರವೇ ಇತ್ತು.

ಲೈಫ್ ಜಾಕೆಟ್ಟಿಗೆ ಸಿಕ್ಕಿಸಿ ನೋಡಿದೆವು. ನಿಂತು ಹಿಂದಕ್ಕೆ ವಾಲಿದಾಗಲೆಲ್ಲ ಎಳೆದು ಎಂಜಿನ್ ಆರಿಸುತ್ತಿತ್ತು. ಉದ್ದ ಮಾಡಿದರೆ ಹ್ಯಾಂಡಲಿಗೆ ತೊಡರುತ್ತಿತ್ತು. ಮಣಿಕಟ್ಟಿನ ಪಟ್ಟಿಗೆ ಕಟ್ಟಿದ ಮೇಲೆ ಎರಡೂ ತಾಪತ್ರಯ ಹೋಯಿತು, ಕೈ ಹೇಗೂ ಹ್ಯಾಂಡಲಿನ ಹತ್ತಿರವೇ ಇರುತ್ತದಲ್ಲ. ಬಿದ್ದ ಮೇಲೆ ಗಾಡಿ ಒಂದಷ್ಟು ದೂರ ತೇಲಿ ನಿಲ್ಲುತ್ತದೆ, ನಾವೇ ಈಜಿ ಹೋಗಬೇಕು. ಗಾಳಿ ಜೋರಿದ್ದರೆ ಬೇಗ ಹೊರಡಬೇಕು. ಒಪ್ಪಿಕೊಂಡೆವು.

ವೈರಿಂಗ್ ಸುಲಭ, ಒಂದು ವಿಷಯ ಗೊತ್ತಿದ್ದರೆ. ಈ ಎಂಜಿನ್ನಿಗೆ ಕಿಡಿಯ ವಿದ್ಯುತ್ತನ್ನು ತಾನೇ ಹುಟ್ಟಿಸುವ ಮ್ಯಾಗ್ನೆಟೊ; ಸ್ಟಾಪ್ ತಂತಿ ಅರ್ಥ್ ಆದರೆ ಕಿಡಿ ನಿಲ್ಲುತ್ತದೆ. ಅಂದರೆ ಕ್ಲಿಪ್ ಕಿತ್ತಾಗ ಸ್ವಿಚ್ಚಿನೊಳಗಿನ ಸಂಪರ್ಕ ಕೂಡಿಕೊಳ್ಳಬೇಕು. ನಾನು ಮೊದಲು ತಂದದ್ದು ತದ್ವಿರುದ್ಧದ್ದು. ಕ್ಲಿಪ್ ಹಾಕಿದರೆ ಸ್ಟಾರ್ಟ್ ಆಗುವುದಿಲ್ಲ, ಕಿತ್ತರೆ ಸ್ಟಾರ್ಟ್ ಆಗುತ್ತದೆ! ಸ್ಪಾರ್ಕ್ ಪ್ಲಗ್ ಬಿಚ್ಚಿ ಉಜ್ಜುತ್ತಾ ಅರ್ಧ ದಿನ ಕಳೆದೆ. ಮಲ್ಟಿಮೀಟರ್ ಹಿಡಿದು ಕ್ಲಿಪ್ ಕಿತ್ತಾಗ ಬೀಪ್ ಎನ್ನುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬಹುದಿತ್ತು.

ಇದರಲ್ಲೇ ಒಂದು ಕೆಡುಕೂ ಅಡಗಿದೆ. ತಂತಿ ತುಂಡಾದರೆ ಎಂಜಿನ್ ಆರುವುದಿಲ್ಲ, ಓಡುತ್ತಲೇ ಇರುತ್ತದೆ. ಮೊದಲ ಚಳಿಗಾಲ ಕಳೆದು ತೆಗೆದಾಗ ಹಾಗೇ ಆಯಿತು: ಹಗ್ಗ ಎಳೆದರೆ ಗಾಡಿಗೆ ಕೇಳಿಸಲೇ ಇಲ್ಲ. ಕನೆಕ್ಟರ್ ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು. ತಂತಿ ಕತ್ತರಿಸಿ, ಹೊಸದಾಗಿ ಬೆಸೆದು, ಬಿಸಿಗೆ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಿ, ಗ್ರೀಸ್ ಮೆತ್ತಿದೆ. ಥ್ರಾಟಲ್ ಕೇಬಲನ್ನೂ ಬದಲಿಸಿದೆ, ಅದನ್ನಂತೂ ಯಾವ ಹಗ್ಗ ಹಾಕಿದರೂ ಬಿಡುವಂತಿಲ್ಲ.

ಈಗ ಟ್ರೈಲರಿನ ಮೇಲಿರುವಾಗಲೇ ಅಳಿಯ ಸ್ಟಾರ್ಟ್ ಮಾಡಿ, ಮೂರು ನಾಲ್ಕು ಸೆಕೆಂಡಿನೊಳಗೆ ಹಗ್ಗ ಎಳೆಯುತ್ತಾನೆ. ನೀರಿಲ್ಲದೆ ಹೆಚ್ಚು ಹೊತ್ತು ಓಡಿಸಿದರೆ ಎಂಜಿನ್ ಕಾದುಹೋಗುತ್ತದೆ. ಆರದಿದ್ದರೆ ಸ್ಟಾಪ್ ಒತ್ತಿ, ಅವತ್ತು ತಿಂಡಿ ಡಬ್ಬಿ ಖಾಲಿ ಮಾಡಿ ಮನೆಗೆ ಬರುತ್ತೇವೆ.