ಒಂದೇ ಮೋನೊಮರ್, ಮೂರು ಪೊರೆ

ಆರ್‌ಎಂ257 ಒಂದು ಮೋನೊಮರ್, ಅಂದರೆ ಒಂದಕ್ಕೊಂದು ಬೆಸೆದು ಪ್ಲಾಸ್ಟಿಕ್ ಆಗಬಲ್ಲ ಬಿಡಿ ಅಣು. ನೋಡಲು ಬರೀ ಬಿಳಿ ಪುಡಿ. ಅಣು ಕಡ್ಡಿಯಂತೆ, ಎರಡೂ ತುದಿಗೆ ಒಂದೊಂದು ಅಕ್ರಿಲೇಟ್ ಕೊಂಡಿ. ಸುಮಾರು 70 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ದ್ರವಸ್ಫಟಿಕವಾಗುತ್ತದೆ. ಕಡ್ಡಿಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮುಖ ಮಾಡುತ್ತವೆ. 127ರ ಆಸುಪಾಸು ದಾಟಿದರೆ ಆ ಶಿಸ್ತು ಕರಗಿ ಬರೀ ದ್ರವ. ನೇರಳಾತೀತ ಬೆಳಕು ಬಿದ್ದರೆ ಕೊಂಡಿಗಳು ಬೆಸೆದು ಜಾಲವಾಗುತ್ತದೆ. ಯಾವ ಸ್ಥಿತಿಯಲ್ಲಿ ಬೆಸೆಯುವುದು ಲೇಸು? ಒಂದೇ ಬಾಟಲಿಯ ಪುಡಿ, ಒಂದೇ ದೀಪ, 20 ಮೈಕ್ರಾನ್ ಸಂದಿನ ಗಾಜಿನ ಜೋಡಿಗಳು. ಮೂರು ಬಗೆಯಲ್ಲಿ ಮಾಡಿ ನೋಡಿದೆ.

ಮೊದಲನೆಯದು 140 ಡಿಗ್ರಿಯಲ್ಲಿ. ಫೋನ್‌ಗೆ ಓಗೊಟ್ಟು ಬರುವಷ್ಟರಲ್ಲಿ ಬರೀ ಕಾವಿಗೇ ಅದು ಗಟ್ಟಿಯಾಗತೊಡಗಿತ್ತು. ಎಸೆದು ಮತ್ತೆ ಮಾಡಬೇಕಾಯಿತು. ಬಂದದ್ದು ತಿಳಿಯಾದ ಪೊರೆ. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಪೋಲರಾಯ್ಡ್ ಹಾಳೆಗಳೆರಡನ್ನು ಅಡ್ಡಡ್ಡ ಇಟ್ಟು, ಅವುಗಳ ನಡುವೆ ಹೇಗೆ ತಿರುಗಿಸಿದರೂ ಕತ್ತಲೆ. ಕಡ್ಡಿಗಳಿಗೆ ದಿಕ್ಕೇ ಇಲ್ಲದ ಮಾಮೂಲಿ ಪ್ಲಾಸ್ಟಿಕ್.

ಎರಡನೆಯದು 90 ಡಿಗ್ರಿಯಲ್ಲಿ, ಯಾವ ಲೇಪನವೂ ಇಲ್ಲದ ಗಾಜಿನಲ್ಲಿ. ಗಂಜಿತಿಳಿಯಂತೆ ಮಬ್ಬು. ಅಲ್ಲಲ್ಲಿ ಗುಂಪುಗೂಡಿದ ಕಡ್ಡಿಗಳು, ಗುಂಪಿಗೊಂದು ದಿಕ್ಕು. ಗಡಿಗಳಲ್ಲಿ ಬೆಳಕು ಚದುರುತ್ತದೆ. ಬೆಳಕಿನ ಕೆಲಸಕ್ಕೆ ಇಂಥ ಅರೆಶಿಸ್ತಿಗಿಂತ ಮೊದಲಿನ ಅಶಿಸ್ತೇ ವಾಸಿ.

ಮೂರನೆಯದಕ್ಕೂ 90 ಡಿಗ್ರಿಯೇ. ಆದರೆ ಗಾಜಿಗೆ ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ ಬಳಿದು, ಮಕಮಲ್ ಬಟ್ಟೆಯಿಂದ ಒಂದೇ ದಿಕ್ಕಿಗೆ ಉಜ್ಜಿದ್ದೆ. ಉಜ್ಜಿದ ಗೆರೆಗೆ ಕಡ್ಡಿಗಳು ಸಾಲುಗಟ್ಟಿದವು, ಬೆಳಕು ಅವನ್ನು ಹಾಗೆಯೇ ಹಿಡಿದು ನಿಲ್ಲಿಸಿತು. ಪೊರೆ ತಿಳಿಯಾಗಿದೆ, ಪೋಲರಾಯ್ಡ್ ನಡುವೆ 45 ಡಿಗ್ರಿ ತಿರುಗಿಸಿದಾಗಲೊಮ್ಮೆ ಬೆಳಗುತ್ತದೆ, ಮತ್ತೆ ಆರುತ್ತದೆ. ಬ್ಲೇಡಿನಿಂದ ಎಬ್ಬಿಸಿ ಉಜ್ಜಿದ ದಿಕ್ಕಿನಲ್ಲಿ ಹರಿದೆ: ಬಿದಿರು ಸೀಳಿದಂತೆ ನೆಟ್ಟಗೆ ಸೀಳಿತು. ಅಡ್ಡಕ್ಕೆ ಹರಿಯಹೋದರೆ ಬಿರುಕು ತಿರುಗಿ ಅದೇ ದಿಕ್ಕನ್ನು ಹಿಡಿಯಿತು. 150ಕ್ಕೆ ಕಾಯಿಸಿದರೂ ಹೊಳಪು ಆರಲಿಲ್ಲ. ಮೋನೊಮರ್ ಆಗಿದ್ದರೆ ಅಷ್ಟರಲ್ಲಿ ಸಾಲು ಚದುರಿ ಎಷ್ಟೋ ಹೊತ್ತಾಗಿರುತ್ತಿತ್ತು. 1980ರ ದಶಕದಲ್ಲಿ ನೆದರ್‌ಲೆಂಡ್ಸ್‌ನ ಐಂದೋವನ್‌ನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಡಿರ್ಕ್ ಬ್ರೂರ್ ಮತ್ತು ಸಂಗಡಿಗರು ಬೆಳೆಸಿದ ದಾರಿ ಇದೇ.

ನನ್ನ ಆಯ್ಕೆ ಮೂರನೆಯದು, ಆದರೆ ಉಷ್ಣತೆಯ ಬಗ್ಗೆ ಎಚ್ಚರ ಬೇಕು. 120ರಲ್ಲಿ ಮಾಡಿದ ಪೊರೆಯ ಹೊಳಪು ಸಪ್ಪೆ, ಏಕೆಂದರೆ ಅಲ್ಲಿ ಸಾಲು ಆಗಲೇ ಸಡಿಲ. ಹಾಗಾದರೆ ಇನ್ನೂ ಬಿಗಿ ಇರಲಿ ಎಂದು 60ಕ್ಕೆ ಇಳಿಸಿದೆ. ದೀಪ ಹಚ್ಚುವ ಮೊದಲೇ ಅಂಚಿನಿಂದ ಹರಳು ಮೂಡಿ, ಗಾಜಿನ ತುಂಬ ಬಿಳಿ ಸೂಜಿಗಳು ಹರಡಿದವು.