ಚೆಂಡು ಬಿಟ್ಟು ಸಾಲು ನೋಡಿ: ಮಾಳಮಡ್ಡಿಯ ಮೇಲ್ಕೋಣೆಯಲ್ಲಿ ಸೂಪರ್ ಬೌಲ್

ಧಾರವಾಡದ ಮಾಳಮಡ್ಡಿಯಲ್ಲಿ ಹಳೆಯ ಹೆಂಚಿನ ಮನೆಯೊಂದರ ಮೇಲಿನ ಕೋಣೆಯಲ್ಲಿ ಅಮೆರಿಕನ್ ಫುಟ್‌ಬಾಲ್ ತೋರಿಸುತ್ತಾರೆ. ಬಾಗಿಲಿಗೆ ಬೋರ್ಡ್ ಇಲ್ಲ, ಕೋಣೆಗೆ ಹೆಸರೂ ಇಲ್ಲ. ಗೊತ್ತಿದ್ದವರು ಗೊತ್ತಿಲ್ಲದವರನ್ನು ಕರೆದುಕೊಂಡು ಹೋಗುತ್ತಾರೆ, ಅಷ್ಟೇ. ನಡೆಸುವವರು ನ್ಯೂಜೆರ್ಸಿಯಲ್ಲಿ ಬಹುಕಾಲ ಎಂಜಿನಿಯರ್ ಆಗಿದ್ದು, ನಿವೃತ್ತರಾದ ಮೇಲೆ ಊರಿಗೆ ಮರಳಿದವರು. ತಲೆಗೆ 200 ರೂಪಾಯಿ. ಚಹಾ, ಗಿರಮಿಟ್ಟು ಅದರಲ್ಲೇ ಬಂತು. ನೇರಪ್ರಸಾರ ವರ್ಷಕ್ಕೊಮ್ಮೆ, ಈ ಆಟದ ಅಮೆರಿಕದ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ದಿನ ಮಾತ್ರ. ಉಳಿದಂತೆ ಭಾನುವಾರ ಸಂಜೆ ಹಳೆಯ ಫೈನಲ್‌ಗಳನ್ನು ಗೋಡೆಯ ಮೇಲೆ ಹಾಕಿ, ನಿಲ್ಲಿಸಿ ನಿಲ್ಲಿಸಿ ವಿವರಿಸುತ್ತಾರೆ. ನಾನು ಈ ವಿಮರ್ಶೆ ಬರೆಯುತ್ತಿರುವುದು ಮುಖ್ಯವಾಗಿ ಆ ಭಾನುವಾರದ ಸಂಜೆಗಳಿಗಾಗಿ.

ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಹುಡುಗಿಯರ ಕಬಡ್ಡಿ ತಂಡ ನನ್ನ ಜವಾಬ್ದಾರಿ. ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟದಲ್ಲಿ ನನಗೇನು ಕೆಲಸ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಪ್ರಶಸ್ತಿ ಗೆಲ್ಲುವ ತಂಡ ಹೇಗೆ ಕಟ್ಟಿರುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪಾಠ ನನಗೆ ಬೇರೆಲ್ಲೂ ಸಿಕ್ಕಿಲ್ಲ, ಅದಕ್ಕೇ ಹೋಗುತ್ತೇನೆ.

ಯಜಮಾನರ ಕ್ರಮ ಹೀಗಿದೆ. ಚೆಂಡು ಕೈಗೆ ಬರುವ ಮುಂಚಿನ ಕ್ಷಣದಲ್ಲಿ ಚಿತ್ರವನ್ನು ನಿಲ್ಲಿಸುತ್ತಾರೆ. ಬಿದಿರಿನ ಕೋಲಿನಿಂದ ಗೋಡೆಯ ಮೇಲೆ ಐದು ಜನರನ್ನು ಮುಟ್ಟಿ ತೋರಿಸುತ್ತಾರೆ. ಇವರು ಆಕ್ರಮಣದ ಸಾಲು, ಕ್ವಾರ್ಟರ್‌ಬ್ಯಾಕ್ ಎಂಬ ಸೂತ್ರಧಾರನನ್ನು ಕಾಯುವವರು. ಎದುರಿನ ಹನ್ನೊಂದು ಜನರಲ್ಲಿ ಎಷ್ಟು ಮಂದಿ ನುಗ್ಗುತ್ತಾರೆ, ಹೇಳಿ ಎನ್ನುತ್ತಾರೆ. ಹಿಂದಿನ ಬೆಂಚಿನವರೂ ಬಾಯಿ ಬಿಡಬೇಕು. ಆಮೇಲೆಯೇ ಚಿತ್ರ ಮುಂದೆ ಓಡುತ್ತದೆ. ಹೊಸಬರ ಕಣ್ಣು ಸಹಜವಾಗಿ ಚೆಂಡಿನ ಹಿಂದೆಯೇ ಹೋಗುತ್ತದೆ. ಅವರು ಅದನ್ನು ಹಟ ಹಿಡಿದು ಸಾಲಿನ ಕಡೆಗೆ ಎಳೆದು ತರುತ್ತಾರೆ.

ಈ ಎಣಿಕೆಯಲ್ಲಿ ಇರುವುದೇ ಇಡೀ ಲೆಕ್ಕ. ಐದು ಜನ ಕಾಯುವವರು, ಪಾಸ್ ಹಿಡಿಯಲು ಓಡಬಲ್ಲವರು ಹೆಚ್ಚೆಂದರೆ ಐದು ಜನ. ರಕ್ಷಣೆಯವರು ಆರು ಜನರನ್ನು ನುಗ್ಗಿಸಿದರೆ ಅದು ಬ್ಲಿಟ್ಜ್. ಕ್ವಾರ್ಟರ್‌ಬ್ಯಾಕ್ ತತ್ತರಿಸಬಹುದು, ಆದರೆ ಹಿಂದೆ ಉಳಿಯುವುದು ಐವರಿಗೆ ಐವರೇ. ಒಬ್ಬ ಜಾರಿದರೂ ಮೈದಾನ ಬಯಲಾಗುತ್ತದೆ. ನಾಲ್ಕೇ ಜನ ನುಗ್ಗಿ, ಆ ನಾಲ್ವರೇ ಐದು ಜನರ ಗೋಡೆಯನ್ನು ಒಡೆದರೆ ಹಿಂದೆ ಏಳು ಜನ ಉಳಿಯುತ್ತಾರೆ. ಐವರಿಗೆ ಏಳು ಜನ ಕಾವಲು. ಕ್ವಾರ್ಟರ್‌ಬ್ಯಾಕ್‌ಗೆ ಆಗ ಚೆಂಡು ಎಸೆಯಲು ಜಾಗವೂ ಇಲ್ಲ, ನಿಂತು ಯೋಚಿಸಲು ಹೊತ್ತೂ ಇಲ್ಲ. ನಮ್ಮ ಕಬಡ್ಡಿಯಲ್ಲಿಯೂ ಹೀಗೆಯೇ: ರೇಡರ್ ಬಂದಾಗ ಏಳೂ ಜನ ಮೇಲೆ ಬಿದ್ದರೆ ಅವಳು ಗೆರೆ ಮುಟ್ಟಿಬಿಡುತ್ತಾಳೆ; ಕಾರ್ನರ್‌ನವಳು ಒಬ್ಬಳೇ ಕಾಲು ಹಿಡಿದು ನಿಲ್ಲಿಸುವಷ್ಟು ಗಟ್ಟಿಯಾಗಿದ್ದರೆ ಉಳಿದವರು ದಾರಿ ಮುಚ್ಚಿ ನಿಲ್ಲಬಹುದು.

2025ರ ಫೆಬ್ರವರಿಯ ಫೈನಲ್ ಈ ಪಾಠಕ್ಕೆ ಅತ್ಯುತ್ತಮ ಪುರಾವೆ, ಮತ್ತು ಈ ಕೋಣೆಯಲ್ಲಿ ನಾನು ನೋಡಿದ ಅತ್ಯುತ್ತಮ ವಿವರಣೆಯೂ ಅದರದ್ದೇ. ನ್ಯೂ ಆರ್ಲಿಯನ್ಸ್‌ನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಮತ್ತು ಕಾನ್ಸಾಸ್ ಸಿಟಿ ಚೀಫ್ಸ್. ಚೀಫ್ಸ್ ಸತತ ಮೂರನೇ ಪ್ರಶಸ್ತಿಗಾಗಿ ಆಡುತ್ತಿದ್ದರು. ಅವರ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಬ್ಲಿಟ್ಜ್ ಬಂದರೆ ಹಿಗ್ಗುವ ಆಟಗಾರ. ಈಗಲ್ಸ್ ರಕ್ಷಣೆಯ ತರಬೇತುದಾರ ವಿಕ್ ಫ್ಯಾಂಜಿಯೊ ಇಡೀ ಪಂದ್ಯದಲ್ಲಿ ಒಂದೇ ಒಂದು ಬ್ಲಿಟ್ಜ್ ಕಳುಹಿಸಲಿಲ್ಲ. ಆದರೂ ಮಹೋಮ್ಸ್ ಆರು ಬಾರಿ ನೆಲಕ್ಕೆ ಬಿದ್ದರು. ಮೊದಲಾರ್ಧದಲ್ಲಿ ಚೀಫ್ಸ್ ಮುಂದೆ ಸಾಗಿದ್ದು ಒಟ್ಟು 23 ಯಾರ್ಡ್, ಅಂಕ ಈಗಲ್ಸ್ 24, ಚೀಫ್ಸ್ 0. ಕೊನೆಗೆ ಈಗಲ್ಸ್ 40-22ರಲ್ಲಿ ಗೆದ್ದರು.

ಎರಡನೇ ಕ್ವಾರ್ಟರ್‌ನ (ಪಂದ್ಯದ ಎರಡನೇ ಕಾಲುಭಾಗದ) ಮೂರು ಆಟಗಳನ್ನು, ಅಂದರೆ ಒಂದರ ಹಿಂದೊಂದು ಬಂದ ಮೂರು ಯತ್ನಗಳನ್ನು, ಯಜಮಾನರು ಒಂದು ಭಾನುವಾರವಿಡೀ ಬಿಡಿಸಿದರು. ಮೊದಲ ಆಟದಲ್ಲಿ ಈಗಲ್ಸ್‌ನ ಜಾಶ್ ಸ್ವೆಟ್ ಮಹೋಮ್ಸ್‌ರನ್ನು ಕೆಡವಿದರು. ಮರು ಆಟದಲ್ಲಿ ಜೇಲಿಕ್ಸ್ ಹಂಟ್ ಕೆಡವಿದರು. ನಾಲ್ಕು ಯತ್ನದಲ್ಲಿ ಹತ್ತು ಯಾರ್ಡ್ ಮುಂದೆ ಸಾಗಬೇಕಾದ ಆಟದಲ್ಲಿ ಚೀಫ್ಸ್‌ಗೆ ಈಗ ಹದಿನಾರು ಯಾರ್ಡ್ ಬೇಕು. ಚಿತ್ರ ನಿಂತಿತು, ಕೋಲು ಗೋಡೆಯ ಮೇಲೆ ನಡೆಯಿತು: ನುಗ್ಗುವವರು ನಾಲ್ಕು, ಹಿಂದೆ ಏಳು. ಮಹೋಮ್ಸ್ ಬಲಕ್ಕೆ ಓಡುತ್ತಾರೆ, ಕಾಲು ಊರದೆಯೇ ಅಡ್ಡಕ್ಕೆ ಎಸೆಯುತ್ತಾರೆ. ಈಗಲ್ಸ್‌ನ ಕೂಪರ್ ಡೀಜೀನ್ ಎಂಬ ಹುಡುಗ, ಅಂದು ಅವನ ಹುಟ್ಟುಹಬ್ಬ, ಬೆನ್ನು ತಿರುಗಿಸದೆ ಮಹೋಮ್ಸ್‌ರ ಕಣ್ಣನ್ನೇ ನೋಡುತ್ತಾ ನಿಂತಿದ್ದ. ಚೆಂಡು ಹಿಡಿದು 38 ಯಾರ್ಡ್ ಓಡಿ, ಎದುರಾಳಿಯ ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದ. ಟಿವಿಯಲ್ಲಿ ಹೊಗಳಿಕೆ ಹಿಡಿದವನಿಗೆ ಹೋಯಿತು, ನ್ಯಾಯವೇ. ಆದರೆ ಹಿಂದಿನ ಎರಡು ಆಟಗಳ ಪೆಟ್ಟು ಇಲ್ಲದಿದ್ದರೆ ಆ ಎಸೆತ ಹುಟ್ಟುತ್ತಲೇ ಇರಲಿಲ್ಲ. ಮೂರನ್ನೂ ಒಂದಾದ ಮೇಲೊಂದು, ನಿಧಾನವಾಗಿ ನೋಡಿದಾಗ ಮಾತ್ರ ಇದು ತಿಳಿಯುತ್ತದೆ.

ಒಂದು ಪಂದ್ಯದ ಕಥೆ ಇದು ಎನ್ನುವಂತಿಲ್ಲ. 2021ರಲ್ಲಿ ಟ್ಯಾಂಪಾ ಬೇ ಬಕನಿಯರ್ಸ್ ಇದೇ ಮಹೋಮ್ಸ್‌ರನ್ನು ಒಂದೂ ಟಚ್‌ಡೌನ್ ಇಲ್ಲದೆ 31-9ರಲ್ಲಿ ಮುಗಿಸಿದರು. ಅಂದು ಚೀಫ್ಸ್‌ನ ಸಾಲಿನ ಎರಡೂ ಅಂಚಿನ ಕಾವಲುಗಾರರು ಗಾಯಗೊಂಡು ಹೊರಗಿದ್ದರು. 2008ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಹದಿನೆಂಟು ಪಂದ್ಯ ಗೆದ್ದು, ಒಂದೂ ಸೋಲದೆ ಫೈನಲ್‌ಗೆ ಬಂದವರು. ಲೀಗ್ ಹಂತದ 16 ಪಂದ್ಯಗಳಲ್ಲಿ 589 ಅಂಕ ಗಳಿಸಿದ್ದ ತಂಡ. ನ್ಯೂಯಾರ್ಕ್ ಜೈಂಟ್ಸ್ ಪೇಟ್ರಿಯಟ್ಸ್‌ನ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯನ್ನು ಐದು ಬಾರಿ ಕೆಡವಿ 17-14ರಲ್ಲಿ ಗೆದ್ದರು. ಅಂದಿನ ಜೈಂಟ್ಸ್ ರಕ್ಷಣೆಯ ತರಬೇತುದಾರ ಸ್ಟೀವ್ ಸ್ಪ್ಯಾಗ್ನೊಲೊ. 2021 ಮತ್ತು 2025ರಲ್ಲಿ ಸೋತ ಚೀಫ್ಸ್‌ನ ರಕ್ಷಣೆ ಅವರದೇ ಕೈಯಲ್ಲಿತ್ತು. ತಾನು ಬ್ರೇಡಿಗೆ ಮಾಡಿದ್ದನ್ನು ಇತರರು ತನ್ನ ಕ್ವಾರ್ಟರ್‌ಬ್ಯಾಕ್‌ಗೆ ಮಾಡುವುದನ್ನು ಅವರು ಬದಿಯಲ್ಲಿ ನಿಂತು ನೋಡಬೇಕಾಯಿತು.

2014ರ ಫೈನಲ್ ನೋಡಲೇಬೇಕು. ಡೆನ್ವರ್ ಬ್ರಾಂಕೋಸ್ ಆ ಋತುವಿನಲ್ಲಿ 606 ಅಂಕ ಗಳಿಸಿ ದಾಖಲೆ ಬರೆದಿದ್ದರು, ಅವರ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ 55 ಟಚ್‌ಡೌನ್ ಎಸೆದಿದ್ದರು. ಸಿಯಾಟಲ್ ಸೀಹಾಕ್ಸ್ ಎದುರು 8 ಅಂಕ. ಸೀಹಾಕ್ಸ್ 43. ಎರಡು ವರ್ಷಗಳ ನಂತರ ಅದೇ ಬ್ರಾಂಕೋಸ್, ವಯಸ್ಸಾದ ಅದೇ ಮ್ಯಾನಿಂಗ್, ಒಟ್ಟು 194 ಯಾರ್ಡ್ ಮಾತ್ರ ಗಳಿಸಿ ಪ್ರಶಸ್ತಿ ಗೆದ್ದರು. ಅವರ ರಕ್ಷಣೆಯ ವಾನ್ ಮಿಲ್ಲರ್ ಎರಡೂವರೆ ಸ್ಯಾಕ್ (ಎಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು; ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ) ಮಾಡಿ, ಎರಡು ಬಾರಿ ಚೆಂಡು ಕೆಡವಿಸಿ ಪಂದ್ಯದ ಶ್ರೇಷ್ಠ ಆಟಗಾರರಾದರು. ಈ ಎರಡನ್ನೂ ಸತತ ಎರಡು ಭಾನುವಾರ ಇಟ್ಟಿದ್ದು ಯಜಮಾನರ ಜಾಣತನ. ಅದಕ್ಕೆ ನನ್ನ ಪೂರ್ಣ ಅಂಕ.

ಇನ್ನು ದೂರುಗಳು. ಆಸನಗಳು ಗಟ್ಟಿ ಮರದ ಬೆಂಚುಗಳು. ಮೂರೂವರೆ ಗಂಟೆಯ ಪಂದ್ಯಕ್ಕೆ ಸೊಂಟ ಒಪ್ಪುವುದಿಲ್ಲ. ಸೂಪರ್ ಬೌಲ್ ನಮ್ಮಲ್ಲಿ ಸೋಮವಾರ ಬೆಳಿಗ್ಗೆ ಐದಕ್ಕೆ ಶುರು. ಕಿಟಕಿ ಪೂರ್ವಕ್ಕಿದೆ. ದ್ವಿತೀಯಾರ್ಧದಲ್ಲಿ ಬಿಸಿಲು ನೇರ ಗೋಡೆಗೆ ಬಿದ್ದು ಆಟಗಾರರು ಮಸುಕಾದರು. ಕಿಟಕಿಗೆ ಕಂಬಳಿ ಕಟ್ಟುವವರೆಗೆ ಅಂಗಿಯ ಬಣ್ಣವೂ ತಿಳಿಯಲಿಲ್ಲ. ಮೂರನೇ ಕ್ವಾರ್ಟರ್‌ನಲ್ಲಿ ಇಂಟರ್‌ನೆಟ್ ಕಡಿದುಹೋಯಿತು. ಹುಬ್ಬಳ್ಳಿಯಿಂದ ಬರುವವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಆ ನಸುಕಿನಲ್ಲಿ ಆಟೊ ಸಿಗುವುದು ಕಷ್ಟ. ಊರಿಂದಲೇ ಜೊತೆ ಮಾಡಿಕೊಂಡು ಬನ್ನಿ. ಶೌಚಾಲಯ ಕೆಳಗೆ ಹಿತ್ತಿಲಲ್ಲಿದೆ, ಸ್ವಚ್ಛವಾಗಿದೆ, ಮೆಟ್ಟಿಲು ಮಾತ್ರ ಕಡಿದು. ಸೋಮವಾರ ಗಿರಮಿಟ್ಟಿನ ಬದಲು ಒಗ್ಗರಣೆ ಅವಲಕ್ಕಿ ಕೊಡುತ್ತಾರೆ. ಎರಡೂ ಚೆನ್ನಾಗಿರುತ್ತವೆ.

ಇವೆಲ್ಲ ಸಣ್ಣವು. ನನ್ನ ದೊಡ್ಡ ತಕರಾರು ಪಾಠದ ಬಗ್ಗೆಯೇ ಇದೆ, ಅದನ್ನು ಯಜಮಾನರ ಮುಂದೆಯೂ ಹೇಳಿದ್ದೇನೆ. ಅವರು ಜೈಂಟ್ಸ್ ಅಭಿಮಾನಿ. ರಕ್ಷಣೆಯೇ ಪ್ರಶಸ್ತಿ ಗೆಲ್ಲಿಸುತ್ತದೆ ಎಂಬುದು ಅವರಿಗೆ ವೇದವಾಕ್ಯ, ಆಯ್ದ ಪಂದ್ಯಗಳೂ ಹಾಗೆಯೇ ಇರುತ್ತವೆ. ಹಾಗಾದರೆ 2023ರ ಫೈನಲ್ ಏಕೆ ಹಾಕುವುದಿಲ್ಲ? ಈಗಲ್ಸ್ ಆ ಋತುವಿನಲ್ಲಿ 70 ಸ್ಯಾಕ್ ಮಾಡಿದ್ದ ತಂಡ. ಫೈನಲ್‌ನಲ್ಲಿ ಒಂದೂ ಇಲ್ಲ. ಚೀಫ್ಸ್ 38-35ರಲ್ಲಿ ಗೆದ್ದರು. ಅವರ ಸಾಲು ಕದಲಲಿಲ್ಲ, ಚೆಂಡು ಮಹೋಮ್ಸ್‌ರ ಕೈಯಲ್ಲಿ ನಿಲ್ಲಲೂ ಇಲ್ಲ. ಕೊನೆಯ ಕ್ವಾರ್ಟರ್‌ನಲ್ಲಿ ಗೆರೆಯ ಹತ್ತಿರ ಆಟಗಾರನೊಬ್ಬ ಅಡ್ಡ ಓಡಿಬರುವಂತೆ ತೋರಿಸಿ ಗಕ್ಕನೆ ಹಿಂದಿರುಗಿದ. ಕಾವಲಿನವರು ಗೊಂದಲಕ್ಕೆ ಬಿದ್ದರು, ಅವನು ಒಂಟಿಯಾಗಿ ನಿಂತು ಟಚ್‌ಡೌನ್ ಹಿಡಿದ. ಅದೇ ಉಪಾಯವನ್ನು ಇನ್ನೊಂದು ಬದಿಗೆ ತಿರುಗಿಸಿ ಮತ್ತೊಂದು ಟಚ್‌ಡೌನ್. ಇದನ್ನು ನೋಡದವರಿಗೆ ಅರ್ಧ ಪಾಠ ಮಾತ್ರ ಸಿಕ್ಕಂತೆ.

2018ರದ್ದೂ ಹಾಗೆಯೇ. ಬ್ರೇಡಿ 505 ಯಾರ್ಡ್ ಎಸೆದೂ ಸೋತರು. ಈಗಲ್ಸ್ 41, ಪೇಟ್ರಿಯಟ್ಸ್ 33. ಎರಡೂ ತಂಡ ಸೇರಿ 1,151 ಯಾರ್ಡ್, ರಕ್ಷಣೆ ಎಂಬುದೇ ಮೈದಾನದಲ್ಲಿ ಇರಲಿಲ್ಲ ಎನ್ನಬಹುದು. ಆದರೆ ಕೊನೆಯ ಎರಡು ನಿಮಿಷ ಚಿಲ್ಲರೆ ಉಳಿದಾಗ ಈಗಲ್ಸ್‌ನ ಬ್ರ್ಯಾಂಡನ್ ಗ್ರಹಾಂ ಎಂಬ ನುಗ್ಗುಗಾರನ ಕೈ ಬ್ರೇಡಿಯ ಕೈಗೆ ತಾಗಿತು, ಚೆಂಡು ಉರುಳಿತು. ಇಡೀ ಪಂದ್ಯದ ಏಕೈಕ ಸ್ಯಾಕ್. ಯಜಮಾನರು ಇದನ್ನು ರಕ್ಷಣೆಯ ಲೆಕ್ಕಕ್ಕೆ ಹಾಕಿಕೊಳ್ಳುತ್ತಾರೆ. ಉಳಿದ ಹೊತ್ತಿನಲ್ಲಿ 41 ಅಂಕ ತಂದವರ ಲೆಕ್ಕ ಎಲ್ಲಿಗೆ ಹೋಯಿತು ಎಂದು ನಾನು ಕೇಳುತ್ತೇನೆ.

ನನಗೆ ಅನಿಸುವುದು ಇಷ್ಟು. ನಾಲ್ಕೇ ಜನರಿಂದ ಎದುರಾಳಿಯ ಗೋಡೆ ಒಡೆಯಬಲ್ಲ ರಕ್ಷಣೆ, ತನ್ನ ಗೋಡೆಯನ್ನು ಒಡೆಯಗೊಡದ ಆಕ್ರಮಣ, ಇವೆರಡೂ ಇದ್ದ ತಂಡಕ್ಕೆ ಫೆಬ್ರವರಿ ಒಲಿಯುತ್ತದೆ. ಓಟವೇ ಬೇಕು, ಎಸೆತವೇ ಬೇಕು ಎಂಬ ವಾದ ಆಮೇಲಿನದು. 2024ರ ಋತುವಿನಲ್ಲಿ ಈಗಲ್ಸ್‌ನ ಸೇಕ್ವಾನ್ ಬಾರ್ಕ್ಲಿ 2,005 ಯಾರ್ಡ್ ಓಡಿದ್ದರು. ಫೈನಲ್‌ನಲ್ಲಿ ಚೀಫ್ಸ್ ಅವರನ್ನು 25 ಓಟಗಳಲ್ಲಿ 57 ಯಾರ್ಡ್‌ಗೆ ಕಟ್ಟಿಹಾಕಿದರು. ಆದರೂ ಏನೂ ಕೆಡಲಿಲ್ಲ. ಓಟ ತಡೆಯಲು ಚೀಫ್ಸ್ ಜನರನ್ನು ಮುಂದೆ ತಂದಾಗ ಈಗಲ್ಸ್‌ನ ಕ್ವಾರ್ಟರ್‌ಬ್ಯಾಕ್ ಜೇಲೆನ್ ಹರ್ಟ್ಸ್ ಹಾಗೆ ಮುಂದೆ ಬಂದವರ ತಲೆಯ ಮೇಲಿಂದ ಎಸೆದರು. 22ರಲ್ಲಿ 17 ಎಸೆತ ಕೈಸೇರಿದವು. ಹಾಗೆ ನಿಂತು ಎಸೆಯಲು ಹೊತ್ತು ಕೊಟ್ಟದ್ದು ಅವರ ಸಾಲು. ಎಡ ಅಂಚಿನಲ್ಲಿ ಜೋರ್ಡನ್ ಮೈಲಾಟಾ, ಸುಮಾರು 165 ಕಿಲೋ ತೂಕದ ದೈತ್ಯ. ಆಸ್ಟ್ರೇಲಿಯಾದಲ್ಲಿ ರಗ್ಬಿ ಆಡಿಕೊಂಡಿದ್ದವರು. 2018ರಲ್ಲಿ ಈಗಲ್ಸ್ ಆರಿಸಿಕೊಂಡಾಗ ಅಮೆರಿಕನ್ ಫುಟ್‌ಬಾಲ್‌ನ ಒಂದು ಪಂದ್ಯವನ್ನೂ ಆಡಿರಲಿಲ್ಲ. ಬೇರೆ ಆಟದಿಂದ ಬಂದವನಿಗೆ ಕಾಲಿನ ಚಲನೆ ಕಲಿಸಿ ಚಾಂಪಿಯನ್ ತಂಡದ ಕಂಬವಾಗಿಸಿದ ಆ ತರಬೇತಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಯಜಮಾನರ ಕೋಲು ಮೈಲಾಟಾರ ಕಾಲಿನ ಮೇಲೆ ಒಮ್ಮೆಯೂ ನಿಲ್ಲುವುದಿಲ್ಲ. ನಾನೇ ಎದ್ದು ಹಿಂದಕ್ಕೆ ಓಡಿಸಿ ಎಂದು ಕೇಳಿಕೊಂಡೆ. ಹಿಂದಕ್ಕೆ ಓಡಿಸಿದರು, ಎರಡು ಸಲ ನಿಧಾನವಾಗಿ ತೋರಿಸಿದರು ಕೂಡ. ಆಕ್ಷೇಪಕ್ಕೆ ಮುಖ ಗಂಟಿಕ್ಕಿಕೊಳ್ಳುವವರಲ್ಲ, ಇದು ಆ ಕೋಣೆಯ ದೊಡ್ಡ ಗುಣ. ಹದಿನಾರರ ಹುಡುಗಿ ಕೇಳಿದ ಪ್ರಶ್ನೆಗೂ ಅದೇ ತಾಳ್ಮೆಯ ಉತ್ತರ. ನನ್ನ ತಂಡದ ಇಬ್ಬರು ಹುಡುಗಿಯರನ್ನು ಕರೆದೊಯ್ದಿದ್ದೆ, ಅವರಿಂದ ಹಣ ತೆಗೆದುಕೊಳ್ಳಲಿಲ್ಲ.

ಯಾರು ಹೋಗಬೇಕು? ಕಬಡ್ಡಿ, ಕೊಕ್ಕೊ, ಹಾಕಿ, ಯಾವ ತಂಡವನ್ನು ತಯಾರು ಮಾಡುವವರಾದರೂ ಹೋಗಬೇಕು. ನಿಯಮ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ನಾಲ್ಕು ಯತ್ನದಲ್ಲಿ ಹತ್ತು ಯಾರ್ಡ್ ಮುಂದೆ ಹೋಗಬೇಕು ಎಂಬಷ್ಟು ತಿಳಿದರೆ ಮೊದಲ ಸಂಜೆಗೆ ಸಾಕು, ಉಳಿದದ್ದನ್ನು ಅವರೇ ಹೇಳಿಕೊಡುತ್ತಾರೆ, ಸ್ವಚ್ಛ ಕನ್ನಡದಲ್ಲಿ. ಗದ್ದಲ, ಸಂಗೀತ, ಮಧ್ಯಂತರದ ಕುಣಿತಕ್ಕಾಗಿ ಬರುವವರಿಗೆ ಈ ಜಾಗ ಹೊಂದುವುದಿಲ್ಲ. ಹಾಫ್‌ಟೈಮ್ ಹಾಡುಗಳ ಹೊತ್ತಿನಲ್ಲಿ ಧ್ವನಿ ಇಳಿಸಿ ಮೊದಲಾರ್ಧದ ಸಾಲುಗಳನ್ನೇ ಮತ್ತೆ ತೋರಿಸುತ್ತಾರೆ. ಗೋಡೆಯ ಎಡಬದಿಯ ಮೊದಲ ಬೆಂಚಿನಲ್ಲಿ ಕುಳಿತರೆ ಕೋಲಿನ ತುದಿ ಚೆನ್ನಾಗಿ ಕಾಣುತ್ತದೆ, ಬಿಸಿಲೂ ತಟ್ಟುವುದಿಲ್ಲ.

ಹೊಸ ಋತು ಸೆಪ್ಟೆಂಬರ್‌ನಲ್ಲಿ ಶುರುವಾಗುವ ಮುನ್ನ ಯಜಮಾನರಲ್ಲಿ ನನ್ನದೊಂದು ಬೇಡಿಕೆ: 2023ರ ಫೈನಲ್ ಹಾಕಿ, ಆಕ್ರಮಣದ ಐದು ಜನರ ಮೇಲೆ ಮಾತ್ರ ಕೋಲಿಡಿ. ಒಂದು ಸಂಜೆ ಸಾಲದಿದ್ದರೆ ಎರಡು ಸಂಜೆ ತೆಗೆದುಕೊಳ್ಳಿ. ಎರಡಕ್ಕೂ ನನ್ನ ಹುಡುಗಿಯರೊಂದಿಗೆ ಬರುತ್ತೇನೆ.