ಹಳೆ ಇಂಗ್ಲಿಷ್ ಪದಗಳ ಬೇರು ಹುಡುಕೋರಿಗೆ ಎಟಿಮ್‌ಆನ್‌ಲೈನ್

ದಾವಣಗೆರೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಮಾಡುತ್ತೇನೆ. ಪಾಠದಲ್ಲಿ ಹಳೆಕಾಲದ ಪದ ಬಂದರೆ ಮೊದಲು ತೆರೆಯುವುದೇ ಎಟಿಮ್‌ಆನ್‌ಲೈನ್. ಡಗ್ಲಸ್ ಹಾರ್ಪರ್ ಕಟ್ಟಿದ ಈ ನಿಘಂಟು ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಪದ ಹಾಕಿದರೆ ಸಾಕು, ಅದು ಯಾವ ಕಾಲದಲ್ಲಿ ಇಂಗ್ಲಿಷಿಗೆ ಬಂತು, ಯಾವ ಭಾಷೆಯಿಂದ ಬಂತು, ನಡುವೆ ಅರ್ಥ ಹೇಗೆ ಬದಲಾಯ್ತು ಅಂತ ತೋರಿಸುತ್ತದೆ.

‘ಕರ್ಫ್ಯೂ’ ನೋಡಿ. ಹಳೆ ಫ್ರೆಂಚಿನಲ್ಲಿ ‘ಬೆಂಕಿ ಮುಚ್ಚು’ ಅಂತ ಅರ್ಥ. ಆಗಿನ ಯುರೋಪಿನಲ್ಲಿ ರಾತ್ರಿ ಗಂಟೆ ಬಾರಿಸಿದರೆ ಒಲೆಯ ಕೆಂಡ ಮುಚ್ಚಬೇಕಿತ್ತು, ಊರಿಗೆ ಬೆಂಕಿ ಬೀಳಬಾರದಲ್ವಾ. ‘ಫೋರ್ಟ್‌ನೈಟ್’ ಅಂದರೆ 14 ರಾತ್ರಿ. ‘ಸಿಲ್ಲಿ’ಯ ಕಥೆ ನನಗೆ ಬಹಳ ಇಷ್ಟ: ಮೊದಲು ಪುಣ್ಯವಂತ, ಆಮೇಲೆ ಮುಗ್ಧ, ಆಮೇಲೆ ಅಯ್ಯೋ ಪಾಪ ಅನ್ನಿಸುವವನು, ಕೊನೆಗೆ ಪೆದ್ದ! ನಮ್ಮ ಮಂಡಿಪೇಟೆಯಲ್ಲಿ ದಿನಾ ಕೇಳುವ ‘ಗೋಡೌನ್’ ಹಾಕಿ ನೋಡಿ, ಮಲಯ ಭಾಷೆಯ ‘ಗುದಾಂಗ್’ ದಾಟಿ ತೆಲುಗು, ತಮಿಳಿನ ಕಡೆಗೇ ಕರೆದುಕೊಂಡು ಬರುತ್ತದೆ.

ಕೊರತೆಯೂ ಇದೆ. ವಿವರಣೆಯ ಇಂಗ್ಲಿಷ್ ಗಟ್ಟಿ. ಒಂದೇ ಪ್ಯಾರಾದಲ್ಲಿ ನಾಲ್ಕೈದು ಭಾಷೆಯ ಹೆಸರು ತುಂಬಿರುತ್ತವೆ, ಮಕ್ಕಳು ಸುಸ್ತಾಗುತ್ತಾರೆ. ಪದವನ್ನು ವಾಕ್ಯದಲ್ಲಿ ಬಳಸುವುದು ಹೇಗೆ ಅಂತ ಕಲಿಯಲು ಬೇರೆ ನಿಘಂಟೇ ಬೇಕು. ಹತ್ತನೇ ಕ್ಲಾಸಿನವರ ಕೈಗೆ ಸುಮ್ನೆ ಲಿಂಕ್ ಕೊಟ್ಟು ಬಿಡಬೇಡಿ, ಮೇಷ್ಟ್ರೇ ಓದಿಕೊಂಡು ಕನ್ನಡದಲ್ಲಿ ಕಥೆ ಮಾಡಿ ಹೇಳಿದರೆ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ.